ಹೊಳೆಯ ದಾರಿಯಲ್ಲಿ ನೋಡಲೇಬೇಕಾದ ಸ್ಥಳಗಳು

ನೆಂಟರೆಂದರೆ ನನಗೆ ಬೇಸರವಿಲ್ಲ. ಬರಲಿ, ಉಣ್ಣಲಿ, ನನ್ನ ಮಂಚದ ಮೇಲೆ ಮಲಗಲಿ, ನಾನು ಪಡಸಾಲೆಯಲ್ಲಿ ಚಾಪೆ ಹಾಸಿಕೊಳ್ಳುತ್ತೇನೆ. ಆದರೆ ಊಟ ಮುಗಿಸಿ, ಕೈ ಒರೆಸಿಕೊಂಡು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ಮತ್ತ, ನಿಮ್ಮ ಕಡೀಗೆ ನೋಡೂವಂಥಾವು ಏನೇನ ಅದಾವರಿ?" ಎಂದು ಕೇಳುತ್ತಾರಲ್ಲ, ಆ ಗಳಿಗೆಯಿಂದ ನನಗೆ ಅವರನ್ನು ಕಂಡರೆ ಆಗುವುದಿಲ್ಲ. ನಾನು ಆದೋನಿಯವನು, ಹತ್ತಿ ದಲ್ಲಾಳಿ ಅಂಗಡಿ ಇಟ್ಟವನು. ನಮ್ಮ ಕಡೆ ಏನಿಲ್ಲ ಹೇಳಿ? ಬೆಟ್ಟವಿದೆ, ಕೋಟೆಯಿದೆ, ಒಂದಷ್ಟು ದೂರ ಹೋದರೆ ತುಂಗಭದ್ರೆಯೇ ಇದ್ದಾಳೆ. ಆದರೆ ಅವನ್ನು ನಾವು ನೋಡುವುದಕ್ಕೆಂದು ಇಟ್ಟುಕೊಂಡಿರಲಿಲ್ಲ. ಬೆಟ್ಟದ ಕಡೆಯಿಂದ ಗಾಳಿ ಬರುತ್ತಿತ್ತು, ಕೋಟೆಗೋಡೆಯ ನೆರಳಿನಲ್ಲಿ ಮೇಕೆ ಕಟ್ಟುತ್ತಿದ್ದರು, ಹೊಳೆಗೆ ಬಟ್ಟೆ ತೆಗೆದುಕೊಂಡು ಹೋಗುತ್ತಿದ್ದರು. ಈಗ ಇವೆಲ್ಲ ಇದ್ದಕ್ಕಿದ್ದಂತೆ ಸ್ಥಳಗಳಾಗಿಬಿಟ್ಟಿವೆ. ಸ್ಥಳವೆಂದ ಮೇಲೆ ಅದಕ್ಕೊಂದು ಫಲಕ, ಫಲಕದ ಮುಂದೆ ನಿಂತು ಒಂದು ಫೋಟೋ, ಫೋಟೋದ ಕೆಳಗೆ ನಕ್ಷತ್ರ. ದೇವರಿಗೂ ನಕ್ಷತ್ರ ಕೊಡುತ್ತಾರೆ. ಹೊಳೆದಂಡೆಯ ಒಂದು ಈಶ್ವರನ ಗುಡಿಗೆ ಯಾರೋ ಮಹಾನುಭಾವ ಎರಡೇ ನಕ್ಷತ್ರ ಕೊಟ್ಟು, ಪಾರ್ಕಿಂಗ್ ಸರಿಯಿಲ್ಲ ಎಂದು ಬರೆದಿದ್ದಾನೆ. ಅವನು ಎಲ್ಲಾದರೂ ಸಿಕ್ಕರೆ ನಾಲ್ಕು ಮಾತಾಡಬೇಕೆಂದು ಕಾದುಕೊಂಡಿದ್ದೇನೆ.

ಆ ಗುಡಿ ಇರುವ ಹೊಳೆದಂಡೆಯ ಊರಿನ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ನೀವೂ ಬರುತ್ತೀರಿ. ಹಳೆಯ ಊರು, ಚಿಕ್ಕ ಊರು. ಒಂದು ಕಾಲದಲ್ಲಿ ಯಾವನೋ ನಾಯಕ ಅಲ್ಲಿ ಕೂತು ಸುಂಕ ವಸೂಲು ಮಾಡುತ್ತಿದ್ದನಂತೆ. ಅವನ ಬುರುಜೊಂದು ಉಳಿದಿದೆ. ಸ್ನಾನಕ್ಕೆ ಇಳಿಯುವ ಕಲ್ಲಿನ ಮೆಟ್ಟಿಲುಗಳಿವೆ, ಮೆಟ್ಟಿಲ ಮೇಲೆ ಎರಡು ನಕ್ಷತ್ರದ ಗುಡಿಯಿದೆ. ಹೋದ ಶ್ರಾವಣದ ಒಂದು ಸೋಮವಾರ ನಾವು ಅಲ್ಲಿಗೆ ಹೊರಟಿದ್ದು ಯಾವ ಸ್ಥಳವನ್ನೂ ನೋಡಲಿಕ್ಕಲ್ಲ. ನಮ್ಮ ಅತ್ತೆಯವರು ಹೊಳೆಯಲ್ಲಿ ಮಿಂದು, ದಂಡೆಯಲ್ಲಿ ಕೂತು ಲಿಂಗಪೂಜೆ ಮಾಡಿಕೊಳ್ಳಬೇಕೆಂದು ಆಸೆಪಟ್ಟಿದ್ದರು, ಅದಕ್ಕೆ. ಅವರು ಮದ್ದಿಕೇರದವರು. ಆಕಾಶ ನೋಡಿ ಬಿತ್ತುವ ಸೀಮೆಯಲ್ಲಿ ಹುಟ್ಟಿ, ಅಲ್ಲೇ ಬಾಳಿ, ಜನ್ಮವೆಲ್ಲ ಬಾವಿಯ ನೀರನ್ನು ಸೇದಿ ತಲೆಯ ಮೇಲೆ ಹೊತ್ತವರು. ಅಂಥವರಿಗೆ ತಾನಾಗಿಯೇ ಹರಿದು ಬರುವ ನೀರೆಂದರೆ ಏನೆಂಬುದು ನಲ್ಲಿ ತಿರುಗಿಸುವ ನಮಗೆ ತಿಳಿಯುವುದಿಲ್ಲ. ಎಂಬತ್ತರ ಹತ್ತಿರದ ವಯಸ್ಸು, ಸಕ್ಕರೆ ಕಾಯಿಲೆ ಬೇರೆ. ಸ್ನಾನವಾಗಿ, ಎಡಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಪೂಜೆ ಮುಗಿಸದೆ ಹನಿ ನೀರು ಮುಟ್ಟುವವರಲ್ಲ. ಮನೆಯಲ್ಲಾದರೆ ಸೂರ್ಯ ಹುಟ್ಟುವ ಮೊದಲೇ ಎಲ್ಲ ಆಗಿರುತ್ತದೆ. ಅವತ್ತು ಹೊಳೆಯಲ್ಲೇ ಆಗಲೆಂದು ಹಾಗೇ ಹೊರಟಿದ್ದರು. ಬೆಳಕು ಹರಿಯುತ್ತಲೇ ಬಿಟ್ಟರೆ ಬಿಸಿಲೇರುವುದರೊಳಗೆ ಪೂಜೆ, ಪೂಜೆಯಾದ ಮೇಲೆ ಬುತ್ತಿ. ಹೆಂಡತಿ ರೊಟ್ಟಿ, ಮೊಸರು, ಶೇಂಗಾ ಪುಡಿ ಎಲ್ಲ ಕಟ್ಟಿಕೊಂಡಿದ್ದಳು. ಇಷ್ಟು ಸರಳವಾದ ಕೆಲಸವನ್ನೂ ಕೆಡಿಸಬಹುದೆಂದು ನನಗೆ ಗೊತ್ತಿರಲಿಲ್ಲ. ಕೆಟ್ಟಿತು, ಏಕೆಂದರೆ ನನ್ನ ಷಡ್ಡಕರು ಕಾರು ತಂದಿದ್ದರು.

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಚನ್ನಬಸಪ್ಪನವರು. ಹುಬ್ಬಳ್ಳಿಯವರು. ನೌಕರಿಯಿಂದ ನಿವೃತ್ತರಾದ ಮೇಲೆ ದೇಶ ನೋಡುವುದನ್ನೇ ಒಂದು ನೌಕರಿ ಮಾಡಿಕೊಂಡವರು. ಅವರ ಹೆಂಡತಿ ಹೋಳಿಗೆ ಮಾಡುವ ನೆಪದಿಂದ ನಮ್ಮ ಮನೆಯಲ್ಲೇ ಉಳಿದಳು. ಗಂಡನೊಂದಿಗೆ ದೇಶ ನೋಡಿ ಸಾಕಾಗಿತ್ತೆಂದು ಕಾಣುತ್ತದೆ. ಹೀಗಾಗಿ ಕಾರಿನಲ್ಲಿ ನಾಲ್ವರು. ಸ್ಟೇರಿಂಗ್ ಹಿಡಿದು ಷಡ್ಡಕರು, ಪಕ್ಕದಲ್ಲಿ ನಾನು, ಹಿಂದೆ ನನ್ನ ಹೆಂಡತಿ ಪಾರ್ವತಿ ಮತ್ತು ಅತ್ತೆ.

ಇಲ್ಲಿ ನಮ್ಮ ಮನೆತನದ ಒಂದು ಪದ್ಧತಿ ಹೇಳಬೇಕು. ಇಲ್ಲದಿದ್ದರೆ ಇವರಿಗೆಲ್ಲ ಬಾಯಿರಲಿಲ್ಲವೇ ಎಂದು ನೀವು ಕೇಳುತ್ತೀರಿ. ಬಾಯಿತ್ತು. ಆದರೆ ನಮ್ಮ ಅತ್ತೆಯವರು ಅಳಿಯಂದಿರೊಂದಿಗೆ ಮಾತಾಡುವುದಿಲ್ಲ. ಜಗಳವಲ್ಲ, ಮರ್ಯಾದೆ. ನನ್ನ ತಲೆ ಬೆಳ್ಳಗಾಗುವವರೆಗೂ ಅವರು ನನ್ನ ಮುಖ ನೋಡಿ ಒಂದು ಮಾತನ್ನೂ ಆಡಿದ್ದಿಲ್ಲ. ಏನಿದ್ದರೂ ಮಗಳಿಗೆ ಹೇಳುತ್ತಾರೆ, ಮಗಳು ಮನೆಯಲ್ಲಿಲ್ಲದಿದ್ದರೆ ಕಂಬಕ್ಕೆ. "ಊಟದ ಹೊತ್ತಾತು" ಎಂದು ಅವರು ಕಂಬಕ್ಕೆ ಹೇಳಿದರೆ ನಾನು ಎದ್ದು ಕೈಕಾಲು ತೊಳೆಯಲು ಹೋಗುತ್ತೇನೆ. ಇನ್ನು ಪಾರ್ವತಿ. ಆಕೆ ಅಕ್ಕನ ಗಂಡನ ಮಾತಿಗೆ ಎದುರಾಡುವಂತಿಲ್ಲ. ಇನ್ನು ನಾನು. ನಾನು ಕಿರಿಯ ಅಳಿಯ. ಹಿರಿಯ ಅಳಿಯ ನಿಲ್ಲು ಎಂದಲ್ಲಿ ಕಿರಿಯ ಅಳಿಯ ನಡೆ ಎನ್ನಬಾರದು. ಅಂಗಡಿಯಲ್ಲಿ ನನ್ನ ಗಂಟಲು ಮೂರು ಓಣಿಗೆ ಕೇಳಿಸುತ್ತದೆ, ಷಡ್ಡಕರ ಮುಂದೆ ಮಾತ್ರ ಅದು ಸಂಭಾವಿತನಂತೆ ಕೆಳಗಿಳಿಯುತ್ತದೆ. ಹೀಗೆ ಒಂದು ಕಾರಿನ ತುಂಬ ಮರ್ಯಾದೆ ತುಂಬಿಕೊಂಡು ನಾವು ಹೊರಟೆವು.

ಊರು ದಾಟಿ ಬಂಡೆಗಳ ಗುಡ್ಡ ಬಂದದ್ದೇ ತಡ, ಷಡ್ಡಕರು ಕಾರನ್ನು ಪಕ್ಕಕ್ಕೆ ಹಾಕಿದರು. ಅವರ ಫೋನಿನಲ್ಲಿ ಹೊಳೆದಂಡೆಯ ಆ ಊರಿನಲ್ಲೂ ಸುತ್ತಮುತ್ತಲೂ ನೋಡಲೇಬೇಕಾದ ಸ್ಥಳಗಳೆಂಬ ಒಂದು ಪುಟವಿತ್ತು. ಅದನ್ನು ಬರೆದವನು ಈ ಕಡೆಗೆ ಎಂದೂ ಬಂದವನಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಬಂದಿದ್ದರೆ ಆ ಗುಡ್ಡವನ್ನು ಸೂರ್ಯೋದಯಕ್ಕೆ ಪ್ರಸಿದ್ಧ ಎಂದು ಬರೆಯುತ್ತಿರಲಿಲ್ಲ. ಸೂರ್ಯ ಅದರ ಎದುರು ದಿಕ್ಕಿನಲ್ಲಿ ಹುಟ್ಟುತ್ತಾನೆ. "ಎರಡ ನಿಮಿಷರಿ, ದಾರ್ಯಾಗ ಐತಿ" ಎಂದು ಇಳಿದ ಷಡ್ಡಕರು ಸೂರ್ಯನಿಗೆ ಬೆನ್ನು ಮಾಡಿ, ಬಂಡೆಗೆ ಮುಖ ಮಾಡಿ, ಬಹಳ ಹೊತ್ತು ನಿಂತರು. ಆಮೇಲೆ ತಿರುಗಿ, "ಇಷ್ಟೇನಾ?" ಎಂದರು.

ಈ ಮಾತು ಕೇಳಿದರೆ ನನ್ನ ಕಿವಿ ಕಾಯುತ್ತದೆ. ಇಷ್ಟೇನಾ ಎಂದರೆ ಏನರ್ಥ? ಗುಡ್ಡ ಎದ್ದು ಇವರಿಗೆ ಆರತಿ ಎತ್ತಬೇಕಾಗಿತ್ತೇ? "ಅಣ್ಣಾರೆ, ಮೊದ್ಲು ಹೊಳಿಗೆ ಹೋಗಾಮು. ಅತ್ತೇರದು ಇನ್ನಾ ಪೂಜಿ ಆಗಿಲ್ಲ" ಎಂದಷ್ಟೇ ಹೇಳಿದೆ. "ಗೊತ್ತೈತ್ರಿ, ಹೊಳಿ ಎಲ್ಲಿ ಓಡಿ ಹೋಗತೈತಿ" ಎಂದು ಅವರು ನಕ್ಕರು. ಹೊಳೆ ಓಡಿಹೋಗದೆ ಮತ್ತೇನು ಮಾಡುತ್ತದೆ ಎಂದು ಕೇಳಬೇಕೆನ್ನಿಸಿತು. ಹಿಂದಿನ ಸೀಟಿನಲ್ಲಿ ಅತ್ತೆಯವರು ಬಿಲ್ವಪತ್ರೆಯ ಗಂಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

ಊರು ಮುಟ್ಟಿದಾಗ ಬಿಸಿಲು ಆಗಲೇ ಚುರುಕಾಗಿತ್ತು. ಊರಬಾಗಿಲ ಅಗಸಿ ದಾಟಿ ನೆಟ್ಟಗೆ ಹೋಗಿದ್ದರೆ ಸ್ನಾನದ ಮೆಟ್ಟಿಲು. ಫೋನಿನೊಳಗಿನ ಹೆಂಗಸು ಮಾತ್ರ ಬಲಕ್ಕೆ ತಿರುಗಲು ಹೇಳಿದಳು. ಆಕೆಗೆ ಯಾವ ಅಳಿಯನ ಹಂಗೂ ಇಲ್ಲ, ಹೇಳಬೇಕಾದದ್ದನ್ನು ನೇರವಾಗಿ ಹೇಳುತ್ತಾಳೆ. ಬಲಕ್ಕೆ ಬುರುಜಿತ್ತು. ಬುರುಜಿನ ನೆರಳಲ್ಲಿ ಎಮ್ಮೆಗಳಿದ್ದವು. ಎಮ್ಮೆಗಳ ಮುಂದೆ ಈಚೆಗೆ ಆಳೆತ್ತರದ ಬಣ್ಣದ ಇಂಗ್ಲಿಷ್ ಅಕ್ಷರಗಳನ್ನು ನಿಲ್ಲಿಸಿದ್ದಾರೆ. ನಡುವೆ ಒಂದು ಕೆಂಪು ಹೃದಯ. ಊರನ್ನು ಪ್ರೀತಿಸುತ್ತೇನೆ ಎಂದು ಅದರ ಅರ್ಥ. ಊರನ್ನು ಪ್ರೀತಿಸುವ ಅಕ್ಷರಗಳು ಊರಿನ ಬುರುಜನ್ನು ಅರ್ಧ ಮುಚ್ಚಿ ನಿಂತಿದ್ದವು. ಷಡ್ಡಕರು ಹೃದಯದ ಪಕ್ಕದಲ್ಲಿ ನಿಂತರು, ನಾನು ಫೋಟೋ ತೆಗೆದೆ. ಒಂದರಲ್ಲಿ ಕಣ್ಣು ಮುಚ್ಚಿದ್ದವು, ಇನ್ನೊಂದರಲ್ಲಿ ಎಮ್ಮೆ ಬಂದಿತ್ತು. ಮತ್ತೆ ತೆಗೆದೆ. ಅಷ್ಟರಲ್ಲಿ ನನ್ನ ಪರಿಚಯದ ಒಬ್ಬ ಹತ್ತಿ ರೈತ ಕಂಡು ಬಂದು, ಕಾರಿನ ಕಿಟಕಿಯಲ್ಲಿ ಬಗ್ಗಿ, "ಅಮ್ಮಾ, ಚಾಯ್ ತರಸ್ಲೇನ್ರಿ? ಮಂಡಕ್ಕಿ ಒಗ್ಗರಣಿ ಬಿಸಿ ಐತಿ, ಕೊಂಚಂ ತಿನ್ರಿ" ಎಂದು ತೆಲುಗು ಬೆರೆಸಿ ಉಪಚಾರ ಮಾಡಿದ. "ಆಮ್ಯಾಲಪ್ಪ" ಎಂದರು ಅತ್ತೆ. ಅವನು ಒಳ್ಳೆಯವನು, ಬಿಡಲಿಲ್ಲ. "ಕನೀಸಂ ನೀಳ್ಳಾದ್ರೂ", ನೀರಾದರೂ ಕುಡಿಯಿರಿ ಎಂದು ತಣ್ಣೀರಿನ ಬಾಟಲಿಯನ್ನೇ ತಂದು ಅವರ ಮುಂದೆ ಹಿಡಿದ. ಬಾಟಲಿಯ ಮೇಲೆ ಹನಿಗಳು ಮೂಡಿದ್ದವು. ಅತ್ತೆ ಅದನ್ನು ನೋಡಿ, ಅವನಿಗೆ ಕೈಮುಗಿದು, ಸೆರಗಿನಿಂದ ತುಟಿ ಒರೆಸಿಕೊಂಡರು.

ಪಾರ್ವತಿ ಕಿಟಕಿಯಿಂದ ನನ್ನನ್ನು ಕರೆದಳು. "ಅವ್ವನ ಕೈ ನಡುಗಾಕ ಹತ್ಯಾವು ನೋಡ್ರಿ. ಅವ್ರಿಗೆ ಹೇಳ್ರಿ."

"ಹೇಳೀನಲ್ಲ."

"ಹೇಳಿದ್ದು ಅವ್ರಿಗೆ ಕೇಳ್ಸಿಲ್ಲ. ಅಂಗಡ್ಯಾಗ ಒದರ್ತೀರಲ್ಲ, ಹಂಗ ಹೇಳ್ರಿ."

ಹೇಳುತ್ತಿದ್ದೆ, ಖಂಡಿತ ಹೇಳುತ್ತಿದ್ದೆ. ಆದರೆ ಷಡ್ಡಕರು ಅಷ್ಟರಲ್ಲಿ ಕಾರು ಹತ್ತಿ, "ಇನ್ನ ವ್ಯೂ ಪಾಯಿಂಟ್ ಒಂದ ನೋಡಿದ್ರ ಮುಗೀತು, ಅದು ಹೊಳೀನ ಐತಿ" ಎಂದರು. ಹೊಳೆಯೇ ಎಂದ ಮೇಲೆ ನಾನೇನು ಹೇಳಲಿ? ಹೋದೆವು. ಊರಿನವರು ಕಸ ತಂದು ಸುರಿಯುವ ತಿರುವಿಗೆ ಆ ಪುಟ ಬರೆದವನು ವ್ಯೂ ಪಾಯಿಂಟ್ ಎಂದು ಹೆಸರಿಟ್ಟಿದ್ದ. ಅಲ್ಲಿಂದ ಹೊಳೆ ಕಾಣುವುದೇನೋ ನಿಜ. ಶ್ರಾವಣದ ಹೊಳೆ, ಕೆಂಪಗೆ, ದಂಡೆ ತುಂಬಿ ಹರಿಯುತ್ತಿತ್ತು. ಆದರೆ ನಡುವೆ ಕಡಿದಾದ ಏರಿ, ಜಾಲಿ ಮುಳ್ಳು, ಹರಿದ ಪ್ಲಾಸ್ಟಿಕ್. ಇಳಿಯಲು ನಾಯಿಗೂ ದಾರಿಯಿಲ್ಲ. ಅತ್ತೆಯವರು ಕಾರಿನಲ್ಲಿ ಕೂತಲ್ಲಿಂದಲೇ ನೀರನ್ನು ನೋಡಿದರು. ಪತ್ರೆಯ ಗಂಟನ್ನು ಎತ್ತಿಕೊಂಡು ಬಾಗಿಲ ಹಿಡಿಕೆಗೆ ಕೈ ಹಾಕಿದರು. ಪಾರ್ವತಿ ಮೆಲ್ಲಗೆ, "ಇಲ್ಲಿ ಇಳಿಯಾಕ ಬರಂಗಿಲ್ಲವ್ವ" ಎಂದಳು. ಅವರು ಗಂಟನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡರು. ನನಗೆ ಎದೆಯಲ್ಲಿ ಚುಚ್ಚಿದಂತಾಯಿತು. ಷಡ್ಡಕರಿಗೆ ಏನೂ ಚುಚ್ಚಲಿಲ್ಲ. "ಹೊಳಿ ನೋಡಿದ್ರೆಲ್ಲ, ಸಮಾಧಾನ ಆತಿಲ್ಲ?" ಎಂದು ಕನ್ನಡಿಯೊಳಗೇ ಅತ್ತೆಗೆ ಕೇಳಿದರು. ಬಾಯಾರಿದವರಿಗೆ ನೀರು ತೋರಿಸಿ ಸಮಾಧಾನವಾಯಿತೇ ಎಂದು ಕೇಳುವ ಗಂಡಸನ್ನು ನಾನು ಅವತ್ತೇ ಕಂಡದ್ದು.

ವ್ಯೂ ಪಾಯಿಂಟಿನ ಪಕ್ಕದಲ್ಲೇ ಉದ್ಯಾನವನ. ಗೇಟಿಗೆ ಬೀಗ. ಒಳಗೆ ಸಿಮೆಂಟಿನ ಜಿಂಕೆಯೊಂದು ಕಿವಿ ಮುರಿದುಕೊಂಡು ನಮ್ಮನ್ನೇ ನೋಡುತ್ತಿತ್ತು. ಬೀಗ ಹಾಕಿದ ತೋಟವನ್ನು ಕಂಬಿಗಳ ನಡುವಿನಿಂದ ಇಣುಕಿ ನೋಡಿ, ಇದಕ್ಕೂ ಇಷ್ಟೇನಾ ಎಂದರು ಪುಣ್ಯಾತ್ಮರು. ನನ್ನೊಳಗೆ ಸಿಟ್ಟು ಕುದಿಯುತ್ತಿತ್ತು. ಫೋನಿನ ಮೇಲೆ ಸಿಟ್ಟು, ಪುಟ ಬರೆದವನ ಮೇಲೆ ಸಿಟ್ಟು, ಕೆಂಪು ಹೃದಯದ ಮೇಲೆ ಸಿಟ್ಟು, ಜಿಂಕೆಯ ಮೇಲೂ ಸಿಟ್ಟು. ಎಲ್ಲಕ್ಕಿಂತ ಹೆಚ್ಚಾಗಿ, ಒಬ್ಬ ಮುದುಕಿಯನ್ನು ಬಿಸಿಲಲ್ಲಿ ಉಪವಾಸ ಸುತ್ತಿಸುತ್ತಿರುವ ಈ ಮನುಷ್ಯನಿಗೆ ಕರುಳೆಂಬುದು ಇದೆಯೋ ಇಲ್ಲವೋ ಎಂಬ ಸಿಟ್ಟು. ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಜೋಡಿಸಿದೆ. ಬಹಳ ಚೆನ್ನಾಗಿದ್ದವು. ಇನ್ನೇನು ಬಾಯಿ ತೆರೆಯಬೇಕು, ಷಡ್ಡಕರೇ ಕಾರು ಶುರು ಮಾಡಿ, "ನಡೀರಿ, ಹೊಳಿಗೆ ಹೋಗೂಣು. ಅತ್ತೀಯವ್ರಿಗೆ ಹೊತ್ತಾತು" ಎಂದುಬಿಟ್ಟರು. ಅಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲವೂ ಸರಿಯಾಗುತ್ತಿತ್ತು. ನಿಲ್ಲಿಸಲಿಲ್ಲ. ಗೇರು ಹಾಕುತ್ತ, ನನ್ನ ತೊಡೆ ತಟ್ಟಿ, "ಬೇಜಾರ ಮಾಡ್ಕೋಬ್ಯಾಡ್ರಿ, ನಿಮ್ಮ ಕಡೀಗೆ ನೋಡೂವಂಥಾದ್ದ ಏನೂ ಇಲ್ಲ ಬಿಡ್ರಿ" ಎಂದರು.

ನಿಮಗೆ ಹೇಗೋ ಗೊತ್ತಿಲ್ಲ, ನನಗೆ ಈ ಮಾತು ತಡೆಯುವುದಿಲ್ಲ. ನಮ್ಮ ಕಡೆ ಏನೂ ಇಲ್ಲವೆಂದು ನಾನು ದಿನಾ ಹೇಳುತ್ತೇನೆ. ನೀರಿಲ್ಲ, ನೆರಳಿಲ್ಲ, ರಸ್ತೆಯಿಲ್ಲ ಎಂದು ಅಂಗಡಿಯಲ್ಲಿ ಕೂತು ಲೋಕಕ್ಕೆಲ್ಲ ಸಾರುತ್ತೇನೆ. ಹುಬ್ಬಳ್ಳಿಯವರು ಬಂದು ಹೇಳಬೇಕಾಗಿಲ್ಲ. ನನ್ನ ಬಾಯಿಂದ ಮಾತು ಹೊರಬಿದ್ದೇಬಿಟ್ಟಿತು.

"ಎಡಕ್ಕ ತಿರುಗಸ್ರಿ."

"ಹೊಳಿ ನೆಟ್ಟಗ ಐತೆಲ್ಲ?"

"ತಿರುಗಸ್ರಿ ಅಂದೆ. ಎರಡ ನಿಮಿಷ."

ಎಡಕ್ಕೆ ಮೆಟ್ಟಿಲ ಬಾವಿ ಇತ್ತು. ಷಡ್ಡಕರ ಫೋನಿನಲ್ಲಿ ಅದಿಲ್ಲ. ಹುಣಸೆಮರಗಳ ಹಿಂದೆ, ನೆಲದೊಳಗೆ ಅರಮನೆ ಕಟ್ಟಿದಂತೆ, ಮೂರು ಅಂತಸ್ತು ಕೆಳಗಿಳಿಯುವ ಬಾವಿ. ಕಂಬಗಳಿವೆ, ಕಂಬಗಳ ಮೇಲೆ ಆನೆಗಳಿವೆ, ಮೀನುಗಳಿವೆ. ತಳದಲ್ಲಿ ಹಸಿರು ನೀರು. ನಾನು ಷಡ್ಡಕರ ಕೈ ಹಿಡಿದೇ ಕೆಳಗಿಳಿಸಿದೆ. ಹಿಂದಿನಿಂದ ಪಾರ್ವತಿ ಏನೋ ಕೂಗಿದಳು. "ಬಂದ್ವಿ ಬಂದ್ವಿ" ಎಂದೆ. ಆಮೇಲೆ ನನ್ನ ಮಾತು ನನ್ನ ಹಿಡಿತದಲ್ಲಿರಲಿಲ್ಲ. ನಮ್ಮ ಮುತ್ತಜ್ಜನ ಕಾಲಕ್ಕೆ ಹತ್ತಿ ಬಂಡಿಗಳು ಹೊಳೆ ದಾಟುವ ಮೊದಲು ಇಲ್ಲಿಯೇ ಇಳಿದುಕೊಳ್ಳುತ್ತಿದ್ದವು ಎಂದೆ. ಎತ್ತುಗಳು ನೀರು ಕುಡಿಯುತ್ತಿದ್ದ ಕಲ್ಲಿನ ತೊಟ್ಟಿ ತೋರಿಸಿದೆ. ಬಂಡಿಯವನು ಯಾವ ಜಾತಿ, ಯಾವ ಊರು ಎಂದು ಕೇಳದೆ ಮೊದಲು ನೀರು, ಆಮೇಲೆ ಮಾತು ಎನ್ನುವುದು ಇಲ್ಲಿಯ ನೇಮವಾಗಿತ್ತು ಎಂದೆ. ಬಾಯಾರಿ ಬಂದ ಒಂದು ಜೀವವೂ ಈ ಬಾವಿಯಿಂದ ಹಾಗೇ ಹೋಗಿಲ್ಲ ಎಂದು ಕೈಯೆತ್ತಿ ಹೇಳಿದೆ. ನನ್ನ ದನಿ ಕಲ್ಲಿಗೆ ಬಡಿದು ನನಗೇ ಬಲು ಗಂಭೀರವಾಗಿ ಕೇಳಿಸಿತು. ಷಡ್ಡಕರು ಈ ಸಲ ಇಷ್ಟೇನಾ ಎನ್ನಲಿಲ್ಲ. ಕಂಬದ ಮೀನನ್ನು ಬೆರಳಿನಿಂದ ಸವರಿ, "ಅಬಬಾ" ಎಂದರು. ಆ ಒಂದು ಅಬಬಾಕ್ಕೆ ನಾನು ಕರಗಿಹೋದೆ. ಇನ್ನೊಂದು ಅಬಬಾ ಬರಲೆಂದು ಅವರನ್ನು ಆಚೆ ಬದಿಯ ಮಂಟಪಕ್ಕೂ ಕರೆದೊಯ್ದೆ. ಅಲ್ಲಿ ನಾಗರಕಲ್ಲು ತೋರಿಸಿದೆ. ನಾಗರಕಲ್ಲಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಆದರೂ ಸಾಕಷ್ಟು ಹೇಳಿದೆ.

ಮೇಲೆ ಹತ್ತಿ ಬಂದಾಗ ಕಾರಿನ ಹಿಂದಿನ ಎರಡೂ ಬಾಗಿಲು ತೆರೆದಿದ್ದವು. ಒಳಗೆ ಯಾರೂ ಇರಲಿಲ್ಲ. ಬುತ್ತಿಯ ಗಂಟೂ ಇರಲಿಲ್ಲ, ಪತ್ರೆಯ ಗಂಟೂ ಇರಲಿಲ್ಲ. ಪಾರ್ವತೀ ಎಂದು ಕೂಗಿದೆ. ಹುಣಸೆಮರದ ಕೆಳಗೆ ಕುರಿ ಮೇಯಿಸುತ್ತಿದ್ದ ಒಬ್ಬ ಹೆಂಗಸು ಕೋಲಿನಿಂದ ದಾರಿ ತೋರಿಸಿ, "ಆಟೋದಾಗ ಹೋದ್ರು. ಆ ಮುದುಕಮ್ಮ ತಲೆ ಹಿಡ್ಕಂಡು ಕುಂತಿದ್ಲು. ಪಾಪ, ಆಕೀನ ಎತ್ತಿ ಕುಂದ್ರಿಸಿದ್ವಿ. ನೀವು ಒಳಗ ಭಾಷಣ ಮಾಡಾಕ ಹತ್ತಿದ್ರಿ, ಕರದ್ರೆ ಕೇಳಸ್ಲಿಲ್ಲ" ಎಂದಳು.

ಷಡ್ಡಕರು ಕಾರನ್ನು ನೆಟ್ಟಗೆ ಹೊಳೆಗೆ ಬಿಟ್ಟರು. ತಲೆ ಹಿಡಿದುಕೊಂಡು ಕೂತಿದ್ದರು ಎಂಬ ಮಾತು ನನ್ನೊಳಗೆ ತಿರುಗುತ್ತಿತ್ತು. ದೇವರೇ, ಏನೂ ಆಗದಿರಲಿ ಎಂದು ಎರಡು ನಕ್ಷತ್ರದ ಆ ಈಶ್ವರನನ್ನು ಬೇಡಿಕೊಂಡೆ. ಸ್ನಾನದ ಮೆಟ್ಟಿಲ ಹತ್ತಿರ ಕಾರು ನಿಲ್ಲುವ ಮೊದಲೇ ಇಳಿದು ಓಡಿದೆ. ಪಾರ್ಕಿಂಗ್ ನಿಜಕ್ಕೂ ಸರಿಯಿರಲಿಲ್ಲ.

ಅತ್ತೆಯವರು ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದರು. ಒದ್ದೆ ಕೂದಲು, ಒದ್ದೆ ಸೀರೆಯ ಮೇಲೆ ಹೊದ್ದ ಒಣ ಬಟ್ಟೆ, ಹಣೆಯ ತುಂಬ ವಿಭೂತಿ. ಕಾಲು ನೀರಲ್ಲಿದ್ದವು. ಪೂಜೆಯಾಗಿತ್ತು. ಪತ್ರೆಗಳು ಒಂದೊಂದಾಗಿ ಕೆಂಪು ನೀರಿನಲ್ಲಿ ತೇಲಿಹೋಗುತ್ತಿದ್ದವು. ಅವರು ತಂಬಿಗೆ ಎತ್ತಿ, ಕತ್ತು ಹಿಂದಕ್ಕೆ ಮಾಡಿ, ತುಟಿಗೆ ಮುಟ್ಟಿಸದೆ, ನಿಧಾನವಾಗಿ ನೀರು ಕುಡಿದರು. ಅವರ ಗಂಟಲು ಮೇಲೆ ಕೆಳಗೆ ಆಡುವುದನ್ನು ನಾನು ನೋಡುತ್ತ ನಿಂತೆ. ಆಮೇಲೆ ಪಾರ್ವತಿ ಮೊಸರು ಹಚ್ಚಿದ ರೊಟ್ಟಿಯನ್ನು ಅವರ ಕೈಗಿಟ್ಟಳು. ಕೈ ನಡುಗುವುದು ನಿಂತಿತ್ತು. ನನಗೆ ಅಳು ಬರುವಂತಾಯಿತು. ಅಳುವುದು ನಮ್ಮ ಮನೆತನದಲ್ಲಿ ಅಳಿಯಂದಿರ ಕೆಲಸವಲ್ಲವಾದ್ದರಿಂದ ನಾನು ತಿರುಗಿ ಷಡ್ಡಕರ ಮೇಲೆ ಬಿದ್ದೆ.

ಬೆಳಗ್ಗಿನಿಂದ ಜೋಡಿಸಿಟ್ಟಿದ್ದೆಲ್ಲ ಹೊರಬಂತು. ಮುಪ್ಪಾದವರನ್ನು ಹೀಗೆ ಬಿಸಿಲಲ್ಲಿ ಸುತ್ತಿಸುವುದು ಮನುಷ್ಯತ್ವವೇ ಎಂದೆ. ಬಂಡೆಗೆ, ಎಮ್ಮೆಗೆ, ಸಿಮೆಂಟಿನ ಜಿಂಕೆಗೆ ಇರುವ ಬೆಲೆ ನಿಮ್ಮ ಅತ್ತೆಗಿಲ್ಲವೇ ಎಂದೆ. ಸ್ಥಳ ನೋಡುವ ಚಟಕ್ಕೆ ಜೀವದ ಪರಿವೆಯೇ ಬೇಡವೇ ಎಂದೆ. ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ನನ್ನನ್ನು ನೋಡಿದರು. ಷಡ್ಡಕರು ಒಂದು ಮಾತಿಗೂ ಎದುರಾಡಲಿಲ್ಲ. ತಲೆ ತಗ್ಗಿಸಿಕೊಂಡು ಎಲ್ಲ ಕೇಳಿ, ಕೊನೆಗೆ, "ತಪ್ಪಾತ್ರಿ" ಎಂದರು. ಜಗಳಕ್ಕೆ ಬಾರದ ಮನುಷ್ಯನ ಮೇಲೆ ಎಷ್ಟು ಹೊತ್ತು ಕೂಗಾಡುವುದು? ಉಸಿರು ತೆಗೆದುಕೊಳ್ಳಲು ನಾನು ನಿಲ್ಲಿಸಿದೆ.

ಆಗ ಅತ್ತೆಯವರು ರೊಟ್ಟಿ ಮುರಿಯುವುದನ್ನು ಬಿಟ್ಟು ಹಿಂತಿರುಗಿದರು. ಅಲ್ಲಿ ಕಂಬವಿರಲಿಲ್ಲ. ಮಗಳ ಕಡೆಗೂ ನೋಡಲಿಲ್ಲ. ನೇರವಾಗಿ ನನ್ನ ಮುಖ ನೋಡಿ, ನಮ್ಮ ಮದುವೆಯಾದಂದಿನಿಂದ ಮೊದಲ ಸಲ, ನನಗೇ ಮಾತಾಡಿದರು.

"ಬಾವಿ ಛಲೋ ಇತ್ತೇನಪ್ಪ?"

ಸಿಟ್ಟಿನಿಂದ ಕೇಳಲಿಲ್ಲ. ಊಟವಾಯಿತೇ ಎಂದು ಕೇಳುವ ದನಿಯಲ್ಲೇ ಕೇಳಿದರು. ಷಡ್ಡಕರು ನೆಲ ನೋಡುತ್ತ, "ಬಾವಿ ಮಾತ್ರ ಭಾಳ ಛಲೋ ಇತ್ತರಿ, ಅದು ನನ್ನ ಫೋನಿನ್ಯಾಗ ಇರಲಿಲ್ಲ" ಎಂದು ನನ್ನ ಪರವಾಗಿಯೇ ಸಾಕ್ಷಿ ನುಡಿದರು. ಪಾರ್ವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತೆಯವರು ಮತ್ತೆ ಹೊಳೆಯ ಕಡೆ ತಿರುಗಿ ರೊಟ್ಟಿ ಮುರಿದರು.

ನಾನು ಮೆಟ್ಟಿಲು ಹತ್ತಿ ಮೇಲೆ ಬಂದೆ. ಗುಡಿಯ ಮುಂದೆ ಒಬ್ಬ ಬಂಡಿಯ ಮೇಲೆ ಮಿರ್ಚಿ ಕರಿಯುತ್ತಿದ್ದ. ಕೇಳದೆಯೇ ಹಾಳೆಯಲ್ಲಿ ಹಾಕಿ ಕೊಟ್ಟ. ಒಂದನ್ನು ಕಚ್ಚಿದೆ. ಆರಿಹೋದ ಮಿರ್ಚಿಯನ್ನು ಬಂದವರಿಗೆ ಕೊಡುತ್ತೀಯಲ್ಲ, ಪರಸ್ಥಳದವರು ನಮ್ಮ ಕಡೆಯ ಬಗ್ಗೆ ಏನೆಂದುಕೊಳ್ಳಬೇಕು, ಒಂದಿಷ್ಟಾದರೂ ಜವಾಬ್ದಾರಿ ಬೇಡವೇ ಎಂದು ಅವನನ್ನು ಹೊಳೆಯ ಆಚೆ ದಂಡೆಗೂ ಕೇಳಿಸುವಂತೆ ಬೈದೆ. ಮಿರ್ಚಿ ಬಿಸಿಯಾಗಿಯೇ ಇತ್ತು. ಈಗಲೂ ನಾಲಿಗೆಯ ತುದಿ ಉರಿಯುತ್ತಿದೆ.